ಹಳೆಯ ಟ್ರಕ್ ಎಂಜಿನ್: ರಿಂಗ್ ಬದಲಿಸುವುದೇ, ಪೂರ್ತಿ ಕಟ್ಟುವುದೇ, ಬೇರೆ ಎಂಜಿನ್ ತರುವುದೇ?

ಹೊಗೆ ಉಗುಳುತ್ತ, ಆಯಿಲ್ ಕುಡಿಯುತ್ತ, ಸಣ್ಣ ಏರಿಗೂ ಗೇರ್ ಇಳಿಸಬೇಕಾದ ಸ್ಥಿತಿಗೆ ಬಂದ ಹಳೆಯ ಟ್ರಕ್ ಎಂಜಿನ್ನನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಸರಿಪಡಿಸಲು ಹೊರಟವರ ಮುಂದೆ ಮೂರು ದಾರಿಗಳಿರುತ್ತವೆ. ಸಿಲಿಂಡರ್‌ಗಳನ್ನು ಬೋರ್ ಮಾಡಿಸದೆ, ಅಂದರೆ ಒಳಗೋಡೆಯನ್ನು ಯಂತ್ರದಲ್ಲಿ ಕೊರೆದು ದೊಡ್ಡದು ಮಾಡಿಸದೆ, ಹೊಸ ರಿಂಗ್ (ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಮುಚ್ಚುವ ಬಳೆ), ಬೇರಿಂಗ್ ಮತ್ತು ಗ್ಯಾಸ್ಕೆಟ್ ಹಾಕಿ, ಹೆಡ್ಡಿನ ವಾಲ್ವ್‌ಗಳನ್ನು ಸರಿಪಡಿಸುವುದು ಮೊದಲನೆಯದು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ಹಾಫ್ ಎಂಜಿನ್ ಕೆಲಸ. ಎಂಜಿನ್ನನ್ನು ಇಳಿಸಿ, ಪೂರ್ತಿ ಬಿಚ್ಚಿ, ಬ್ಲಾಕನ್ನು ಬೋರಿಂಗಿಗೂ ಕ್ರ್ಯಾಂಕನ್ನು (ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡವನ್ನು) ಗ್ರೈಂಡಿಂಗಿಗೂ ಕಳುಹಿಸಿ ಹೊಸ ಪಿಸ್ಟನ್‌ಗಳೊಂದಿಗೆ ಕಟ್ಟುವುದು ಎರಡನೆಯದು. ಮೂರನೆಯದು, ಇರುವುದನ್ನು ಬದಿಗಿಟ್ಟು ಗುಜರಿಯಿಂದ ಅಥವಾ ಬೇರೊಂದು ವಾಹನದಿಂದ ಓಡುವ ಸ್ಥಿತಿಯ ಎಂಜಿನ್ನನ್ನು ತಂದು ಕೂರಿಸುವುದು. ಕೇಳುವಾಗ ಮೊದಲನೆಯದು ಅಗ್ಗವೆಂದೂ ಎರಡನೆಯದು ದುಬಾರಿಯೆಂದೂ ಅನ್ನಿಸುವುದು ಸಹಜ. ಆದರೆ ಸಿಲಿಂಡರ್ ಮತ್ತು ಕ್ರ್ಯಾಂಕ್ ಎಷ್ಟು ಸವೆದಿವೆ ಎಂದು ಅಳೆಯುವ ತನಕ ಈ ಮೂರರಲ್ಲಿ ಯಾವುದು ಅಗ್ಗವೆಂದು ಯಾರೂ ಹೇಳಲಾರರು.

ನಾನು ಮೊದಲ ಸಲ ಎಂಜಿನ್ ಬಿಚ್ಚಿದಾಗ ದಾರಿಯನ್ನು ಮೊದಲೇ ಆರಿಸಿಕೊಂಡು ಅಳತೆಯನ್ನು ಮುಂದಕ್ಕೆ ಹಾಕಿದ್ದೆ. ನಿಜ ಹೇಳಬೇಕೆಂದರೆ ಅಳೆಯಲೇ ಇಲ್ಲ. ಸವೆದ ಬೋರಿಗೆ, ಅಂದರೆ ಸಿಲಿಂಡರಿನ ಒಳಕೊಳವೆಗೆ, ಹೊಸ ರಿಂಗ್ ಹಾಕಿ ಕೂಡಿಸಿದ ಆ ಎಂಜಿನ್ ಕೆಲವೇ ತಿಂಗಳಲ್ಲಿ ಮತ್ತೆ ನೀಲಿ ಹೊಗೆ ಬಿಡತೊಡಗಿತು. ಎರಡನೇ ಸಲ ಬಿಚ್ಚಿ ನೋಡಿದರೆ ಎರಡು ಸಿಲಿಂಡರ್‌ಗಳಲ್ಲಿ ಮೇಲಿನ ರಿಂಗ್ ತುಂಡಾಗಿತ್ತು, ಒಂದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಗ್ರೂವಿನ ಅಂಚೇ ಒಡೆದುಹೋಗಿತ್ತು. ರಿಂಗ್, ಗ್ಯಾಸ್ಕೆಟ್, ಆಯಿಲ್ ಎಲ್ಲವನ್ನೂ ಎರಡೆರಡು ಸಲ ಕೊಂಡು, ಕೊನೆಗೆ ಬೋರಿಂಗಿಗೂ ಹಣ ಕೊಟ್ಟೆ.

ಬಿಚ್ಚುವ ಮೊದಲೇ ತಿಳಿಯುವ ಸಂಗತಿಗಳು

ಎಂಜಿನ್ ಇನ್ನೂ ಓಡುತ್ತಿದ್ದರೆ ಅದು ಹೇಳುವುದನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು. ರಾತ್ರಿಯಿಡೀ ನಿಂತ ಎಂಜಿನ್ನನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮತ್ತು ಗೈಡ್‌ಗಳ ಮೇಲೆ ಅನುಮಾನ ಪಡಬೇಕು. ಭಾರ ಎಳೆಯುವಾಗ ಉದ್ದಕ್ಕೂ ನೀಲಿ ಹೊಗೆ ಬಂದರೆ ಅದು ರಿಂಗ್ ಮತ್ತು ಬೋರಿನ ಲಕ್ಷಣ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಜೊತೆಗೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕಡೆಗೋ ಬಿರುಕಿನ ಕಡೆಗೋ ಬೆರಳು ತೋರಿಸುತ್ತದೆ.

ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡವನ್ನು ಗೇಜಿನಿಂದ ನೋಡುವಾಗ ಎಂಜಿನ್ ಬಿಸಿಯಿರಬೇಕು, ಎಲ್ಲ ಪ್ಲಗ್‌ಗಳನ್ನು ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು ಮತ್ತು ಬ್ಯಾಟರಿ ತುಂಬಿರಬೇಕು. ಒಂದೊಂದು ಸಿಲಿಂಡರಿನ ಅಂಕಿಗಿಂತ ಅವುಗಳ ನಡುವಿನ ಅಂತರವೇ ಹೆಚ್ಚು ಮಾತನಾಡುತ್ತದೆ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇಕಡಾ 75ಕ್ಕಿಂತ ಕೆಳಗಿದ್ದರೆ ಅಲ್ಲಿ ದೋಷವಿದೆಯೆಂದು ತಿಳಿಯುವುದು ರೂಢಿ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದಾಗ ಅಂಕಿ ಏರಿದರೆ ಸೋರಿಕೆ ರಿಂಗಿನಲ್ಲಿದೆ, ಏರದಿದ್ದರೆ ವಾಲ್ವಿನಲ್ಲಿದೆ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಸೋತಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಡೀಸೆಲ್ ಎಂಜಿನ್ನಿಗೆ ಹೆಚ್ಚು ಒತ್ತಡ ತಡೆಯುವ ಬೇರೆ ಗೇಜ್ ಬೇಕು, ಮತ್ತು ಚಮಚ ಆಯಿಲಿನ ಉಪಾಯ ಅಲ್ಲಿ ನಡೆಯುವುದಿಲ್ಲ. ಪಿಸ್ಟನ್ನಿನ ಮೇಲೆ ಉಳಿಯುವ ಜಾಗವೇ ತೀರ ಸಣ್ಣದಾದ್ದರಿಂದ ಹಾಕಿದ ಆಯಿಲೇ ಅಂಕಿಯನ್ನು ಏರಿಸಿ ದಾರಿ ತಪ್ಪಿಸುತ್ತದೆ.

ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಷರ್ ಮುಳ್ಳನ್ನು ನಂಬದೆ ಮೆಕ್ಯಾನಿಕಲ್ ಗೇಜ್ ಜೋಡಿಸಿ ನೋಡುವುದು ಒಳ್ಳೆಯದು. ಬಿಸಿ ಎಂಜಿನ್ನಿನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಇರಬೇಕೆಂಬುದು ಬಹುಕಾಲದ ಸ್ಥೂಲ ಲೆಕ್ಕ. ಪ್ರೆಷರ್ ಸರಿಯಿದ್ದು, ತಳದಿಂದ ಬಡಿತದ ಸದ್ದೂ ಇಲ್ಲದೆ, ದೋಷ ವಾಲ್ವುಗಳಲ್ಲಷ್ಟೇ ಕಂಡುಬಂದರೆ ಹೆಡ್ ಒಂದನ್ನೇ ಬಿಚ್ಚಿ ಸರಿಮಾಡುವುದು ಈ ಮೂರೂ ದಾರಿಗಳಿಗಿಂತ ಅಗ್ಗ, ಮತ್ತು ಅದನ್ನು ಮರೆತು ನೇರವಾಗಿ ಎಂಜಿನ್ ಇಳಿಸುವವರು ಬಹಳ ಮಂದಿ. ಭಾರ ಬಿದ್ದಾಗ ತಳದಿಂದ ಬಡಿತ ಕೇಳಿಸಿ, ಒಂದು ಸಿಲಿಂಡರಿನ ಪ್ಲಗ್ ವೈರ್ ಕಳಚಿದೊಡನೆ ಅದು ತಗ್ಗಿದರೆ ಆ ಸಿಲಿಂಡರಿನ ರಾಡಿನ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ತೋಳಿನ) ಬೇರಿಂಗ್ ಹೋಗಿದೆ ಎಂದರ್ಥ. ಅಂಥ ಎಂಜಿನ್ನನ್ನು ಓಡಿಸುವ ಒಂದೊಂದು ನಿಮಿಷವೂ ಕ್ರ್ಯಾಂಕನ್ನು ತಿನ್ನುತ್ತದೆ.

ಬೋರ್ ಕೊಡುವ ತೀರ್ಪು

ಹೆಡ್ ತೆಗೆದ ಮೇಲೆ ಸಿಲಿಂಡರಿನ ಬಾಯಿಯಿಂದ ಒಳಕ್ಕೆ ಉಗುರನ್ನು ಇಳಿಸಿದರೆ, ಮೇಲಿನ ಅಂಚಿನಿಂದ ಸ್ವಲ್ಪವೇ ಕೆಳಗೆ ಅದು ಒಂದು ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ರಿಂಗ್ ಮುಟ್ಟದ ಮೇಲ್ಭಾಗ ಮೊದಲಿನಂತೆಯೇ ಉಳಿದು, ಮೇಲಿನ ರಿಂಗ್ ತಿರುಗಿ ಇಳಿಯುವ ಜಾಗ ಅತಿ ಹೆಚ್ಚು ಸವೆದಿರುವುದರಿಂದ ಈ ಮೆಟ್ಟಿಲು ಉಂಟಾಗುತ್ತದೆ. ಉರಿಯುವ ಅನಿಲದ ಒತ್ತಡವೂ ಶಾಖವೂ ಅಲ್ಲಿ ಹೆಚ್ಚು, ಆಯಿಲಿನ ಪದರವೋ ತೆಳು. ಹಳೆಯ ರಿಂಗಿನ ಮೂಲೆ ಈ ಮೆಟ್ಟಿಲಿನ ಜೊತೆಗೇ ಸವೆದು ದುಂಡಾಗಿರುತ್ತದೆ. ಹೊಸ ರಿಂಗಿನ ಮೂಲೆ ಚೌಕವಾಗಿದ್ದು, ಪ್ರತಿ ಸುತ್ತಿನಲ್ಲೂ ಮೆಟ್ಟಿಲಿಗೆ ಬಡಿಯುತ್ತದೆ. ನನ್ನ ಎಂಜಿನ್ನಿನಲ್ಲಿ ರಿಂಗ್ ತುಂಡಾದದ್ದು ಹೀಗೆ. ಪಿಸ್ಟನ್‌ಗಳನ್ನು ಹೊರಗೆ ತೆಗೆಯುವ ಮೊದಲೇ ರಿಡ್ಜ್ ರೀಮರಿನಿಂದ ಈ ಮೆಟ್ಟಿಲನ್ನು ಕತ್ತರಿಸಿ ಹಾಕಬೇಕು.

ಬೋರನ್ನು ಮೆಟ್ಟಿಲಿನ ಕೆಳಗೆ, ನಡುವೆ ಮತ್ತು ತಳದಲ್ಲಿ, ಒಂದೊಂದು ಕಡೆಯೂ ಕ್ರ್ಯಾಂಕಿನ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಹೀಗೆ ಆರು ಸಲ ಡಯಲ್ ಬೋರ್ ಗೇಜಿನಿಂದ ಅಳೆಯುವುದು ಸರಿಯಾದ ಕ್ರಮ. ಗೇಜ್ ಇಲ್ಲದವರಿಗೆ ಒಂದು ಉಪಾಯವಿದೆ. ರಿಂಗೊಂದನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗಾಗಿ ಹಿಡಿದು ಅದರಿಂದ ನೇರವಾಗಿ ತಳ್ಳಿ, ಮೇಲೆ ಒಮ್ಮೆ, ತಳದಲ್ಲಿ ಒಮ್ಮೆ ರಿಂಗಿನ ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ನೋಡಬೇಕು. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ಬಂದದ್ದೇ ಬೋರಿನ ಟೇಪರ್, ಅಂದರೆ ಮೇಲಿನ ಮತ್ತು ತಳದ ವ್ಯಾಸಗಳ ನಡುವಿನ ಅಂತರ. ಮೇಲೆ 0.80 ಮಿ.ಮೀ., ತಳದಲ್ಲಿ 0.40 ಮಿ.ಮೀ. ಬಂದಿತೆನ್ನಿ, ಟೇಪರ್ ಸುಮಾರು 0.13 ಮಿ.ಮೀ. ಆಯಿತು. ಬೋರ್ ಅಂಡಾಕಾರಕ್ಕೆ ತಿರುಗಿದೆಯೇ ಎಂಬುದನ್ನು ಈ ಉಪಾಯ ತೋರಿಸುವುದಿಲ್ಲವೆಂಬುದು ನೆನಪಿರಲಿ.

ಹಳೆಯ ಎಂಜಿನ್‌ಗಳಲ್ಲಿ ಬೋರ್ ಮಾಡದೆ ರಿಂಗ್ ಹಾಕಲು ಸುಮಾರು 0.12 ಮಿ.ಮೀ. ಟೇಪರನ್ನು ಮಿತಿಯೆಂದು ಇಟ್ಟುಕೊಳ್ಳುವುದು ವಾಡಿಕೆ. ನಿಮ್ಮ ಎಂಜಿನ್ನಿನ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದೇ ಅಂತಿಮ. ಈ ಮಿತಿ ದಾಟಿದರೆ ಆಗುವುದೇನೆಂದರೆ, ಪಿಸ್ಟನ್ ಮೇಲೆ ಕೆಳಗೆ ಹೋದಾಗಲೆಲ್ಲ ರಿಂಗ್ ಹಿಗ್ಗಿ ಕುಗ್ಗಿ ಮಾಡುತ್ತಿರಬೇಕಾಗುತ್ತದೆ, ಮತ್ತು 2000 ಆರ್‌ಪಿಎಂನಲ್ಲಿ ಇದು ಮಿನಿಟಿಗೆ 4000 ಸಲ ನಡೆಯುತ್ತದೆ. ಹೊಸ ರಿಂಗ್ ಎಷ್ಟೇ ಒಳ್ಳೆಯದಾದರೂ ಆ ಓಟಕ್ಕೆ ಹೊಂದಿಕೊಳ್ಳಲಾರದೆ ಬೇಗ ಸೋಲುತ್ತದೆ.

ಬೋರಿನ ನಂತರ ಪಿಸ್ಟನ್ನಿನ ಗ್ರೂವುಗಳನ್ನು ನೋಡಬೇಕು, ಏಕೆಂದರೆ ಬಜೆಟ್ಟಿನ ಲೆಕ್ಕ ತಿರುಗುವುದು ಇಲ್ಲಿ. ಗ್ರೂವನ್ನು ಸ್ವಚ್ಛಮಾಡಿ ಹೊಸ ರಿಂಗನ್ನು ಅದರಲ್ಲಿಟ್ಟಾಗ ಪಕ್ಕದ ಸಂದು 0.15 ಮಿ.ಮೀ.ಗಿಂತ ಹೆಚ್ಚಿದ್ದರೆ ಆ ಪಿಸ್ಟನ್ ಮುಗಿದ ಹಾಗೆಯೇ. ಪಿಸ್ಟನ್‌ಗಳನ್ನು ಹೇಗೂ ಕೊಳ್ಳಲೇಬೇಕಾದಾಗ ಸ್ಟ್ಯಾಂಡರ್ಡ್ ಅಳತೆಯದಕ್ಕೂ ಓವರ್‌ಸೈಜಿಗೂ (ಕೊರೆದು ದೊಡ್ಡದು ಮಾಡಿದ ಬೋರಿಗೆ ಹೊಂದುವುದಕ್ಕೂ) ಬೆಲೆಯಲ್ಲಿ ಹೆಚ್ಚು ಅಂತರವಿರುವುದಿಲ್ಲ. ಹೆಚ್ಚುವರಿ ಖರ್ಚೆಂದರೆ ಬೋರಿಂಗ್ ಒಂದೇ. ಹೊಸ ಪಿಸ್ಟನ್ನನ್ನು ಸವೆದ ಬೋರಿಗೆ ಹಾಕಿ ಆ ಒಂದು ಕೂಲಿಯನ್ನು ಉಳಿಸುವುದು ನನ್ನ ಲೆಕ್ಕದಲ್ಲಿ ಉಳಿತಾಯವೇ ಅಲ್ಲ. ಆದ್ದರಿಂದ ಪಿಸ್ಟನ್ ಗಟ್ಟಿಯಿದ್ದು ಟೇಪರ್ ಮಿತಿಯೊಳಗಿದ್ದರೆ ಮಾತ್ರ ಹಾಫ್ ಎಂಜಿನ್. ಎರಡರಲ್ಲಿ ಒಂದು ತಪ್ಪಿದರೂ ಪೂರ್ತಿ ಕೆಲಸ.

ಕ್ರ್ಯಾಂಕಿನ ವಿಚಾರಣೆ ಇಷ್ಟು ಉದ್ದವಿಲ್ಲ. ಜರ್ನಲ್‌ಗಳ, ಅಂದರೆ ಬೇರಿಂಗಿನೊಳಗೆ ತಿರುಗುವ ನಯವಾದ ಭಾಗಗಳ, ಮೇಲೆ ಉಗುರಿಗೆ ಸಿಗುವ ಗೆರೆಗಳಿರಬಾರದು. ತಾಮ್ರದ ತುಂಡೊಂದನ್ನು ಉಜ್ಜಿದಾಗ ಜರ್ನಲ್ ಮೇಲೆ ಕೆಂಪು ಅಂಟಿದರೆ ಅದು ಒರಟಾಗಿದೆ. ಹಳೆಯ ಬೇರಿಂಗ್ ಚಿಪ್ಪುಗಳ ಮೇಲಿನ ಬೂದು ಪದರ ಹೋಗಿ ತಾಮ್ರದ ಬಣ್ಣ ಎಲ್ಲ ಕಡೆ ಸಮನಾಗಿ ಇಣುಕಿದ್ದರೆ ಅದು ಸಹಜ ಸವೆತ. ಒಂದೇ ಅಂಚಿನಲ್ಲಿ ಇಣುಕಿದ್ದರೆ ರಾಡ್ ಬಾಗಿದೆಯೇ, ಜರ್ನಲ್ ಓರೆಯಾಗಿ ಸವೆದಿದೆಯೇ ಎಂದು ನೋಡಬೇಕು. ಹೊಸ ಬೇರಿಂಗಿಗೆ ಹೇಳುವ ಮೊದಲು ಹಳೆಯದರ ಬೆನ್ನು ತಿರುಗಿಸಿ ಅಲ್ಲಿ ಒತ್ತಿರುವ ಅಂಕಿಯನ್ನು ಓದಬೇಕು. 0.25 ಅಥವಾ 0.50 ಎಂದಿದ್ದರೆ ಈ ಕ್ರ್ಯಾಂಕ್ ಹಿಂದೊಮ್ಮೆ ಅಷ್ಟು ಮಿ.ಮೀ. ಸಣ್ಣದಾಗುವಂತೆ ಗ್ರೈಂಡ್ ಆಗಿದೆ, ಇನ್ನೆಷ್ಟು ಸಲ ಆಗಬಲ್ಲದು ಎಂಬುದನ್ನು ಕೈಪಿಡಿ ಹೇಳುತ್ತದೆ. ಜೋಡಿಸುವಾಗ ಜರ್ನಲಿನ ಮೇಲೆ ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ, ತನ್ನ ಅಗಲದಿಂದ ಸಂದು ತೋರಿಸುವ ಮೃದು ಪ್ಲಾಸ್ಟಿಕ್) ಎಳೆಯಿಟ್ಟು ಕ್ಯಾಪನ್ನು ಟಾರ್ಕಿಗೆ ಬಿಗಿದು ಬಿಚ್ಚಿದರೆ ಸಂದು ತಿಳಿಯುತ್ತದೆ, 50 ಮಿ.ಮೀ. ಜರ್ನಲಿಗೆ ಸುಮಾರು 0.05 ಮಿ.ಮೀ. ಇರುವುದು ಸಾಮಾನ್ಯ.

ಲೈನರ್ ಇರುವ ಎಂಜಿನ್, ಇಲ್ಲದ ಎಂಜಿನ್

ಮೇಲಿನ ತೀರ್ಪು ಬ್ಲಾಕಿನಲ್ಲೇ ಕೊರೆದ ಬೋರಿಗೆ ಅನ್ವಯಿಸುತ್ತದೆ. ಅನೇಕ ಭಾರಿ ಡೀಸೆಲ್ ಟ್ರಕ್‌ಗಳ ಎಂಜಿನ್‌ಗಳಲ್ಲಿರುವ ವೆಟ್ ಲೈನರ್, ಅಂದರೆ ಬ್ಲಾಕಿನೊಳಗೆ ಕೂರಿಸಿದ, ಹೊರಮೈಗೆ ನೇರವಾಗಿ ನೀರು ತಗಲುವ, ಬದಲಿಸಬಲ್ಲ ಸಿಲಿಂಡರ್ ಕೊಳವೆ, ಲೆಕ್ಕವನ್ನೇ ಬದಲಿಸುತ್ತದೆ. ಲೈನರ್, ಪಿಸ್ಟನ್, ಪಿನ್ ಮತ್ತು ರಿಂಗ್ ಒಟ್ಟಿಗೆ ಕಿಟ್ ಆಗಿ ಸಿಗುತ್ತವೆ. ಹಳೆಯ ಲೈನರನ್ನು ಪುಲ್ಲರಿನಿಂದ ಎಳೆದು, ಅದು ಕೂರುವ ಅಂಚನ್ನು ಕೆರೆದು ಸ್ವಚ್ಛಮಾಡಿ, ಹೊಸ ಓ-ರಿಂಗ್‌ಗಳೊಡನೆ ಹೊಸ ಲೈನರನ್ನು ಕೂರಿಸಿದರೆ ಬೋರ್ ಕಾರ್ಖಾನೆಯ ಅಳತೆಗೆ ಮರಳುತ್ತದೆ, ಬ್ಲಾಕ್ ಬೋರಿಂಗ್ ಅಂಗಡಿಯ ಮೆಟ್ಟಿಲು ಹತ್ತುವುದೇ ಇಲ್ಲ. ಇಂಥ ಎಂಜಿನ್ನಿನಲ್ಲಿ ಸವೆದ ಲೈನರಿಗೆ ಬರೀ ರಿಂಗ್ ಹಾಕುವ ಯೋಚನೆಯನ್ನು ನಾನು ಮಾಡುವುದಿಲ್ಲ. ಗಮನವಿಡಬೇಕಾದದ್ದು ಲೈನರಿನ ತಲೆ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆ ನಿಂತಿದೆ ಎಂಬುದರ ಮೇಲೆ. ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಎಣಿಸುವ ಈ ಎತ್ತರ ಕೈಪಿಡಿಯ ಮಿತಿಯೊಳಗಿಲ್ಲದಿದ್ದರೆ, ಅಥವಾ ಪಕ್ಕಪಕ್ಕದ ಲೈನರ್‌ಗಳಲ್ಲಿ ಬೇರೆ ಬೇರೆಯಾಗಿದ್ದರೆ, ಹೊಸ ಹೆಡ್ ಗ್ಯಾಸ್ಕೆಟ್ ನಿಲ್ಲುವುದಿಲ್ಲ.

ನೀರು ತಗಲದ ಡ್ರೈ ಲೈನರ್‌ಗಳನ್ನು ಒತ್ತಿ ಕೂರಿಸಿ ಒಳಗನ್ನು ಮತ್ತೆ ಅಳತೆಗೆ ತರಬೇಕಾಗುವುದರಿಂದ ಅದು ಯಂತ್ರಗಳಿರುವವರ ಕೆಲಸ. ಲೈನರ್ ಇಲ್ಲದ ಬ್ಲಾಕಿನಲ್ಲಿ ಒಂದೇ ಸಿಲಿಂಡರಿಗೆ ಆಳವಾದ ಗೀರು ಬಿದ್ದಿದ್ದರೆ, ಎಲ್ಲವನ್ನೂ ದೊಡ್ಡದು ಮಾಡುವ ಬದಲು ಅದೊಂದಕ್ಕೆ ಸ್ಲೀವ್ (ಲೈನರಿನಂಥ ಕೊಳವೆ) ಹಾಕಿಸುವುದು ಕೆಲವೊಮ್ಮೆ ಅಗ್ಗವಾಗುತ್ತದೆ. ಬೋರಿಂಗ್ ಮಾಡಿಸುವುದೆಂದು ನಿಶ್ಚಯಿಸಿದರೆ ಪಿಸ್ಟನ್‌ಗಳನ್ನು ಮೊದಲು ಕೊಂಡು ಬ್ಲಾಕಿನ ಜೊತೆಗೇ ಕಳುಹಿಸಬೇಕು, ಏಕೆಂದರೆ ಬೋರನ್ನು ಕೊರೆಯಬೇಕಾದದ್ದು ಕೈಯಲ್ಲಿರುವ ಪಿಸ್ಟನ್ನಿನ ಅಳತೆಗೆ. ಬೋರ್ ಆದ ಮೇಲೆ ಆ ಅಳತೆಯ ಪಿಸ್ಟನ್ ಸಿಗದೆ ತಿಂಗಳುಗಟ್ಟಲೆ ಕಾದವರಿದ್ದಾರೆ.

ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಕೈಯಾರೆ ಮಾಡಬೇಕು

ಮನೆಯಲ್ಲಿ ಉಳಿಯುವುದು ಕೂಲಿ. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಜೋಡಿಸುವುದು ಎಲ್ಲವೂ ತಾಳ್ಮೆಯಿರುವ ಯಾರ ಕೈಗೂ ಬರುವ ಕೆಲಸಗಳು. ರಾಡ್ ಮತ್ತು ಮೇನ್ ಕ್ಯಾಪ್‌ಗಳಿಗೆ ಸಂಖ್ಯೆ ಮತ್ತು ದಿಕ್ಕನ್ನು ಗುರುತು ಹಾಕದೆ ಬಿಚ್ಚಿದರೆ ಮಾತ್ರ ಎಷ್ಟು ತಾಳ್ಮೆಯಿದ್ದರೂ ಪ್ರಯೋಜನವಿಲ್ಲ. ಹೊರಗೆ ಕೊಡುವ ಕೆಲಸಗಳಲ್ಲಿ ಮೊದಲನೆಯದು ಬಿರುಕಿನ ಪರೀಕ್ಷೆ. ಎರಕದ ಕಬ್ಬಿಣದ ಬ್ಲಾಕ್ ಮತ್ತು ಹೆಡ್ಡಿಗೆ ಕಾಂತೀಯ ಪುಡಿಯಿಂದ, ಅಲ್ಯೂಮಿನಿಯಂ ಹೆಡ್ಡಿಗೆ ಬಣ್ಣದ ದ್ರವದಿಂದ ಇದನ್ನು ಮಾಡುತ್ತಾರೆ. ಇದು ಮುಗಿಯುವ ತನಕ ಬೇರಾವ ಕೆಲಸಕ್ಕೂ ಹಣ ಕೊಡಬಾರದು, ಏಕೆಂದರೆ ಬೋರಿಂಗ್ ಆದ ಮೇಲೆ ಬಿರುಕು ಕಂಡರೆ ಕೊಟ್ಟದ್ದೆಲ್ಲ ನೀರಿನಲ್ಲಿ ಹೋಮ. ಕ್ರ್ಯಾಂಕ್ ಗ್ರೈಂಡಿಂಗ್, ವಾಲ್ವ್ ಗೈಡ್ ಬದಲಾವಣೆ, ಸೀಟ್ (ವಾಲ್ವ್ ಕೂರುವ ಅಂಚು) ಕಟಿಂಗ್, ಹೆಡ್ ಫೇಸಿಂಗ್ ಕೂಡ ಹೊರಗಿನವೇ. ಸೀಟಿನ ಮೇಲೆ ಗುಂಡಿ ಬಿದ್ದಿರದಿದ್ದರೆ ವಾಲ್ವುಗಳನ್ನು ಪೇಸ್ಟ್ ಹಾಕಿ ಕೈಯಿಂದಲೇ ಉಜ್ಜಿ ಕೂರಿಸಬಹುದು. ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದ ಸೀಸವುಳ್ಳ ಪೆಟ್ರೋಲಿನ ಕಾಲದಲ್ಲಿ ತಯಾರಾದ ಎಂಜಿನ್‌ಗಳಲ್ಲಿ ಗಟ್ಟಿ ಸೀಟ್‌ಗಳಿಲ್ಲದಿರುವುದುಂಟು. ಭಾರ ಎಳೆಯುವ ಟ್ರಕ್ಕಾದರೆ ಹೆಡ್ ಹೇಗೂ ಬಿಚ್ಚಿರುವಾಗ ಎಗ್ಸಾಸ್ಟ್ ವಾಲ್ವುಗಳಿಗಾದರೂ ಗಟ್ಟಿ ಸೀಟ್ ಹಾಕಿಸುವುದು ಲೇಸು. ಡೀಸೆಲ್ ಪಂಪ್ ಮತ್ತು ನಾಜಲ್‌ಗಳನ್ನು ಪರೀಕ್ಷೆಯ ಬೆಂಚ್ ಇರುವವರಲ್ಲೇ ಪರೀಕ್ಷಿಸಬೇಕು. ನಾಜಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೋಗುವಷ್ಟು ಬಲವುಳ್ಳದ್ದು, ಅದರ ಮುಂದೆ ಕೈ ಒಡ್ಡಬಾರದು.

ರಿಂಗಿನ ಆಯ್ಕೆಯಲ್ಲಿ ದುಬಾರಿಯದೇ ಒಳ್ಳೆಯದೆಂಬ ಭ್ರಮೆ ಬೇಡ. ಸಾದಾ ಎರಕದ ರಿಂಗ್ ಬೇಗ ಕೂರುತ್ತದೆ, ಮನೆಯ ಹೋನಿನ (ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಿದ್ಧಮಾಡುವ ಸಾಧನದ) ಸಣ್ಣಪುಟ್ಟ ದೋಷಗಳನ್ನೂ ಸಹಿಸಿಕೊಳ್ಳುತ್ತದೆ. ಕ್ರೋಮ್ ರಿಂಗ್ ಧೂಳಿಗೆ ಹೆಚ್ಚು ಬಾಳಿದರೂ ಕೂರಲು ತಡಮಾಡುತ್ತದೆ, ಮಾಲಿ (ಮಾಲಿಬ್ಡಿನಂ ಲೇಪದ) ರಿಂಗಿಗೆ ದುಂಡನೆಯ ಬೋರೂ ನಯವಾದ ಹೋನಿಂಗೂ ಬೇಕು. ಹಾಫ್ ಎಂಜಿನ್ನಿಗೆ ಸಾದಾ ರಿಂಗ್, ಬೋರಿಂಗ್ ಮಾಡಿಸಿದ ಎಂಜಿನ್ನಿಗೆ ಮಾಲಿ ಎಂಬುದು ನನ್ನ ಆಯ್ಕೆ. ಫೋರ್ಜ್ ಮಾಡಿದ (ಒತ್ತಿ ಬಡಿದು ರೂಪಿಸಿದ) ಪಿಸ್ಟನ್ ನಿಧಾನವಾಗಿ ತಿರುಗುವ ಹಳೆಯ ಟ್ರಕ್ಕಿಗೆ ಅನಗತ್ಯ. ಆ ಹಣ ಹೊಸ ಆಯಿಲ್ ಪಂಪಿಗೂ ವಾಟರ್ ಪಂಪಿಗೂ ಹೋಗಲಿ.

ಹಾಫ್ ಎಂಜಿನ್ ಕೆಲಸವನ್ನು ಎಂಜಿನ್ ಇಳಿಸದೆ, ಸಂಪ್ (ತಳದ ಆಯಿಲ್ ತಟ್ಟೆ) ಕಳಚಿ ಕೆಳಗಿನಿಂದಲೇ ಮಾಡುವುದು ಸಾಧ್ಯ, ಮತ್ತು ಚೈನ್ ಪುಲ್ಲಿಯಿಲ್ಲದವರಿಗೆ ಅದೊಂದೇ ಉಪಾಯ. ಆದರೂ ಕ್ರ್ಯಾಂಕ್ ಒಳಗಿರುವಾಗ ಹೋನ್ ತಿರುಗಿಸುವುದು ನನಗೆ ಒಪ್ಪಿಗೆಯಿಲ್ಲ. ಹೋನಿನ ಕಲ್ಲಿನ ಪುಡಿ ಬಟ್ಟೆ ಹೊದಿಸಿದರೂ ಜರ್ನಲಿನ ಆಯಿಲ್ ರಂಧ್ರ ಸೇರಬಲ್ಲದು. ಬ್ಲಾಕನ್ನು ಪೂರ್ತಿ ಬರಿದು ಮಾಡಿಕೊಂಡಾಗ ತೊಳೆಯುವುದೇ ಒಂದು ಪಾಠ. ಸೀಮೆಎಣ್ಣೆಯಿಂದ ತೊಳೆದು ಒಣಗಿಸಿದ ಬೋರ್ ಕಣ್ಣಿಗೆ ಫಳಫಳಿಸುತ್ತದೆ, ಆದರೆ ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿದರೆ ಬಟ್ಟೆ ಬೂದಾಗುತ್ತದೆ. ಆ ಬೂದು ಹೋನಿನ ಪುಡಿ. ಸೀಮೆಎಣ್ಣೆ ಅದನ್ನು ಎತ್ತುವುದಿಲ್ಲ, ಬಿಸಿ ಸೋಪಿನ ನೀರೂ ಬ್ರಷ್ಷೂ ಎತ್ತುತ್ತವೆ. ನಾನು ಒಂದು ಬ್ಲಾಕನ್ನು ಐದು ಸಲ ತೊಳೆದ ಮೇಲೆ ಬಟ್ಟೆ ಬಿಳಿಯಾಗಿಯೇ ಹೊರಬಂತು. ಆಮೇಲೆ ತಕ್ಷಣ ಆಯಿಲ್ ಸವರದಿದ್ದರೆ ಕೆಲವೇ ನಿಮಿಷಗಳಲ್ಲಿ ತುಕ್ಕು ಹಿಡಿಯುತ್ತದೆ.

ಬೇರೆ ಎಂಜಿನ್ ತರುವುದು ಯಾವಾಗ

ಬ್ಲಾಕ್ ಬಿರಿದಿದ್ದರೆ, ರಾಡ್ ಗೋಡೆ ಒಡೆದು ಹೊರಬಂದಿದ್ದರೆ, ಕ್ರ್ಯಾಂಕ್ ಕೊನೆಯ ಅಂಡರ್‌ಸೈಜನ್ನೂ (ಗ್ರೈಂಡ್ ಮಾಡಬಹುದಾದ ಅತಿ ಸಣ್ಣ ಅಳತೆಯನ್ನೂ) ದಾಟಿದ್ದರೆ ಅಥವಾ ಬಿಡಿಭಾಗಗಳೇ ಸಿಗದಿದ್ದರೆ ಹಳೆಯದಕ್ಕೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೆ ಗುಜರಿಯ ಎಂಜಿನ್ ಎಂದರೆ ಇನ್ನೊಬ್ಬರು ಅಳೆಯದೆ ಬಿಟ್ಟ ಎಂಜಿನ್. ಅದು ಓಡುವುದನ್ನು ಕಿವಿಯಾರೆ ಕೇಳಿ ಕಂಪ್ರೆಷನ್ ನೋಡಲು ಬಿಡಬೇಕು, ಇಲ್ಲವೇ ಸಂಪ್ ಬಿಚ್ಚಿ ಒಂದೆರಡು ಬೇರಿಂಗ್ ನೋಡಲು ಬಿಡಬೇಕು. ಎರಡಕ್ಕೂ ಒಪ್ಪದವರಿಂದ ನಾನಂತೂ ಕೊಳ್ಳುವುದಿಲ್ಲ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಬೆಲ್ ಹೌಸಿಂಗಿನ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚದ) ಬೋಲ್ಟ್ ತೂತುಗಳು, ಮೌಂಟಿಂಗ್‌ಗಳು, ಸಂಪಿನ ಆಕಾರ ಮತ್ತು ಫ್ಲೈವೀಲ್ ನಿಮ್ಮ ವಾಹನಕ್ಕೆ ಹೊಂದುತ್ತವೆಯೇ ಎಂಬುದನ್ನು ಎಂಜಿನ್ನಿನ ಹೆಸರು ನೋಡಿ ಊಹಿಸದೆ ಟೇಪ್ ಹಿಡಿದು ನೋಡಬೇಕು. ವಾಹನದ ದಾಖಲೆಗಳಲ್ಲಿ ಎಂಜಿನ್ ಸಂಖ್ಯೆ ನಮೂದಾಗಿದ್ದರೆ ಅದನ್ನು ಬದಲಿಸುವ ವಿಧಾನವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಕೂರಿಸುವ ಮೊದಲು ಸೀಲ್, ಗ್ಯಾಸ್ಕೆಟ್, ವಾಟರ್ ಪಂಪ್ ಹೇಗೂ ಬದಲಿಸಬೇಕಾಗುವುದರಿಂದ ಆ ಖರ್ಚನ್ನೂ ಬೆಲೆಗೆ ಕೂಡಿಸಿ ಹಾಫ್ ಎಂಜಿನ್ನಿನ ಖರ್ಚಿನೊಡನೆ ಹೋಲಿಸುವುದು ನ್ಯಾಯ.

ಕಂಪನಿಯೊಂದು ಕಟ್ಟಿ ಗ್ಯಾರಂಟಿಯೊಡನೆ ಮಾರುವ ರೀಕಂಡಿಷನ್ ಎಂಜಿನ್ ಸಮಯ ಉಳಿಸುತ್ತದೆ, ಆದರೆ ಮನೆಯ ದುಡಿಮೆಯಿಂದ ಉಳಿಯುವ ಕೂಲಿಯನ್ನು ಅದರ ಬೆಲೆಯೇ ನುಂಗಿಬಿಡುವುದರಿಂದ ಈ ಹೋಲಿಕೆಯಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ.

ಮೊದಲ ಚಾಲನೆಯಲ್ಲೂ ಮೂರು ದಾರಿಗಳು ಬೇರೆ ಬೇರೆ. ಹೊಸ ರಿಂಗ್ ಹಾಕಿದ ಎಂಜಿನ್ನನ್ನು ಐಡಲಿನಲ್ಲಿ ಹೊತ್ತುಗಟ್ಟಲೆ ಬಿಡದೆ ಬೇಗನೆ ರಸ್ತೆಗಿಳಿಸಿ, ಮಿತವಾದ ಭಾರ ಕೊಟ್ಟು ವೇಗವನ್ನು ಏರಿಸಿ ಇಳಿಸಿದರೆ ರಿಂಗ್ ಬೋರಿಗೆ ಕೂರುತ್ತದೆ. ಪೂರ್ತಿ ಕಟ್ಟಿದ ಎಂಜಿನ್ನಿಗೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವನ್ನು ಹೊಸದಾಗಿಯೂ ಅದರ ಮೇಲೆ ಉಜ್ಜುವ ಚಪ್ಪಟೆ ತಳದ ಹೊಸ ಟ್ಯಾಪೆಟ್‌ಗಳನ್ನೂ ಹಾಕಿದ್ದರೆ ಕ್ಯಾಮಿಗೇ ಮೊದಲ ಆದ್ಯತೆ. ಚಾಲೂ ಆದೊಡನೆ ಸುಮಾರು 2000 ಆರ್‌ಪಿಎಂಗೆ ಏರಿಸಿ 20 ನಿಮಿಷ ಓಡಿಸಬೇಕು, ಜಿಂಕ್ ಸಾಕಷ್ಟಿರುವ ಆಯಿಲನ್ನೇ ಹಾಕಬೇಕು. ಹಳೆಯ ಕ್ಯಾಮನ್ನೇ ಉಳಿಸಿಕೊಂಡವರು ಪ್ರತಿ ಟ್ಯಾಪೆಟ್ಟನ್ನೂ ಅದು ಮೊದಲಿದ್ದ ಜಾಗಕ್ಕೇ ಹಿಂತಿರುಗಿಸಿರಬೇಕು. ಗುಜರಿಯ ಎಂಜಿನ್ನಿಗೆ ಇವಾವುದೂ ಬೇಡ, ಹೊಸ ಆಯಿಲ್ ಮತ್ತು ಫಿಲ್ಟರ್ ಸಾಕು. ಮೂರರಲ್ಲಿ ಯಾವುದೇ ಆದರೂ ಮೊದಲ 500 ಕಿ.ಮೀ.ಯೊಳಗೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬೆಳಕಿನಲ್ಲಿ ಬಿಡಿಸಿ ನೋಡಬೇಕು. ನವಿರಾದ ಬೂದು ಪುಡಿ ಕಂಡರೆ ಭಯವಿಲ್ಲ. ತಾಮ್ರದ ಬಣ್ಣದ ಚಕ್ಕೆಗಳು ಮಿನುಗಿದರೆ ಟ್ರಕ್ಕನ್ನು ಅಲ್ಲೇ ನಿಲ್ಲಿಸಿ ಸಂಪ್ ಬಿಚ್ಚಬೇಕು.